ಹಿಡಿತದ ಹದ

ಮಳೆಗಾಲದಲ್ಲಿ ಬಹುದಿನ ಮುಚ್ಚಿಟ್ಟ ಕಪಾಟನ್ನು ತೆರೆದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಅದು ಹೋಗಲೆಂದು ಒಂದು ಬಟ್ಟಲಿನಲ್ಲಿ ಇದ್ದಿಲಿನ ಚೂರುಗಳನ್ನಿಟ್ಟು ಬಾಗಿಲು ಹಾಕುವುದು ಅನೇಕ ಮನೆಗಳಲ್ಲಿ ರೂಢಿಯಲ್ಲಿರುವ ಉಪಾಯ. ಕೆಲವು ದಿನಗಳಲ್ಲಿ ವಾಸನೆ ಕಡಿಮೆಯಾಗುತ್ತದೆ. ಇದ್ದಿಲು ಮಾತ್ರ ಇಟ್ಟಂತೆಯೇ ಇರುತ್ತದೆ; ಉಬ್ಬುವುದಿಲ್ಲ, ಕರಗುವುದಿಲ್ಲ, ಬಣ್ಣ ಬದಲಿಸುವುದಿಲ್ಲ. ಹಾಗಾದರೆ ಆ ವಾಸನೆ ಹೋದದ್ದಾದರೂ ಎಲ್ಲಿಗೆ?

ವಾಸನೆಯೆಂದರೆ ಗಾಳಿಯಲ್ಲಿ ತೇಲಾಡುವ ಅಣುಗಳು. ಅವು ಇದ್ದಿಲಿನ ಮೇಲ್ಮೈಗೆ ತಾಗಿ ಅಲ್ಲಿಯೇ ನಿಂತುಬಿಟ್ಟವು. ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಹತ್ತಿಯ ಅರಿವೆ ನೀರನ್ನು ಹೀರಿಕೊಂಡಾಗ ನೀರು ಅದರ ಎಳೆ ಎಳೆಯೊಳಗೂ ಇಳಿಯುತ್ತದೆ. ಅದು ಹೀರಿಕೆ. ಇದ್ದಿಲು ಮಾಡುವುದು ಅದನ್ನಲ್ಲ. ಹೊರಗಿನಿಂದ ಬಂದ ಅಣು ಅದರ ಮೇಲ್ಮೈಯ ಮೇಲಷ್ಟೇ ನೆಲೆಸುತ್ತದೆ. ನಡುಮನೆಯವರೆಗೆ ಬಂದ ನೆಂಟನಿಗೂ ಜಗಲಿಯ ಮೇಲೆ ಕುಳಿತು ಎದ್ದುಹೋಗುವ ದಾರಿಹೋಕನಿಗೂ ಇರುವಷ್ಟೇ ಅಂತರ ಇವೆರಡಕ್ಕೂ ಇದೆ. ಈ ಎರಡನೆಯ ಕ್ರಿಯೆಯನ್ನು ವಿಜ್ಞಾನದಲ್ಲಿ ಅಧಿಶೋಷಣೆ ಎಂದು ಕರೆಯುತ್ತಾರೆ. ಜರ್ಮನಿಯ ಭೌತವಿಜ್ಞಾನಿ ಹೈನ್ರಿಖ್ ಕೈಸರ್ ೧೮೮೧ರಲ್ಲಿ ಇದಕ್ಕೆ ಪ್ರತ್ಯೇಕವಾದ ಹೆಸರನ್ನು ಬಳಕೆಗೆ ತಂದನು.

ಹೆಸರು ಬರುವುದಕ್ಕೆ ಮೊದಲೇ ಕ್ರಿಯೆ ತಿಳಿದಿತ್ತು. ಸ್ವೀಡನ್ನಿನ ಔಷಧ ತಯಾರಕ ಷೀಲೆ ೧೭೭೩ರಲ್ಲಿಯೂ, ಇಟಲಿಯ ಫೊಂಟಾನ ೧೭೭೭ರಲ್ಲಿಯೂ ಇದ್ದಿಲು ಅನಿಲಗಳನ್ನು ಹಿಡಿದಿಡುತ್ತದೆ ಎಂಬುದನ್ನು ಪ್ರಯೋಗದಿಂದ ತೋರಿಸಿದ್ದರು. ರಷ್ಯದ ಲೊವಿಟ್ಸ್ ೧೭೮೫ರಲ್ಲಿ ಬಣ್ಣಗಟ್ಟಿದ ದ್ರಾವಣವನ್ನು ಇದ್ದಿಲು ತಿಳಿಯಾಗಿಸುವುದನ್ನು ಕಂಡನು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಸಕ್ಕರೆ ಕಾರ್ಖಾನೆಗಳು ಕಂದು ಪಾಕವನ್ನು ಬೆಳ್ಳಗೆ ಮಾಡಲು ಇದನ್ನೇ ಆಶ್ರಯಿಸಿದವು. ೧೯೧೫ರ ಏಪ್ರಿಲ್‌ನಲ್ಲಿ ಬೆಲ್ಜಿಯಮ್ಮಿನ ಈಪರ್ ರಣರಂಗದಲ್ಲಿ ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಾಗ ಸೈನಿಕರು ಉಸಿರುಗಟ್ಟಿ ಸತ್ತರು. ಅದೇ ವರ್ಷ ರಷ್ಯದ ರಸಾಯನಶಾಸ್ತ್ರಜ್ಞ ಜೆಲಿನ್ಸ್ಕಿ ಇದ್ದಿಲು ತುಂಬಿದ ಮುಖವಾಡವನ್ನು ರೂಪಿಸಿದನು. ಕಪಾಟಿನ ಮೂಲೆಯ ಬಟ್ಟಲು ಮಾಡುವ ಕೆಲಸವನ್ನೇ ಆ ಮುಖವಾಡವೂ ಮಾಡಿ ಪ್ರಾಣಗಳನ್ನು ಉಳಿಸಿತು.

ಈ ಇದ್ದಿಲಿನ ವಂಶಕ್ಕೇ ಸೇರಿದ ಒಂದು ಹೊಸ ವಸ್ತುವಿನ ಮೇಲೆ ಅಣುಗಳು ಹೇಗೆ ನೆಲೆಸುತ್ತವೆ, ಆ ಕ್ರಿಯೆಯ ಮೇಲೆ ಜಗತ್ತು ಕಟ್ಟಿದ ಆಸೆ ಎಷ್ಟು, ಅದರಲ್ಲಿ ನಿಜವಾಗಿ ಉಳಿದದ್ದೆಷ್ಟು ಎಂಬುದೇ ಈ ಸಲದ ವಿಷಯ.

ಮೂರು ಗ್ರಾಂ ಪುಡಿ, ಒಂದು ಎಕರೆ ಹರವು

ಅಧಿಶೋಷಣೆ ಮೇಲ್ಮೈಯ ಮೇಲೆ ನಡೆಯುವ ವ್ಯವಹಾರವಾದುದರಿಂದ ಮೇಲ್ಮೈ ಹೆಚ್ಚಿದಷ್ಟೂ ಹಿಡಿಯುವ ಶಕ್ತಿ ಹೆಚ್ಚುತ್ತದೆ. ಇದ್ದಿಲಿನ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳ ಗೋಡೆಗಳೆಲ್ಲವೂ ಮೇಲ್ಮೈಯೇ. ವಿಶೇಷ ಸಂಸ್ಕಾರದಿಂದ ರಂಧ್ರಗಳನ್ನು ಹೆಚ್ಚಿಸಿದ ಇಂಗಾಲದ ಒಂದು ಗ್ರಾಂ ಪುಡಿಯಲ್ಲಿ ೫೦೦ರಿಂದ ೧,೫೦೦ ಚದರ ಮೀಟರುಗಳಷ್ಟು ಮೇಲ್ಮೈ ಅಡಗಿರುತ್ತದೆ.

೧೯೯೧ರಲ್ಲಿ ಜಪಾನಿನ ವಿಜ್ಞಾನಿ ಸುಮಿಯೊ ಈಜಿಮ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಂಗಾಲದ ಮಸಿಯನ್ನು ಪರೀಕ್ಷಿಸುತ್ತಿದ್ದಾಗ ಸೂಜಿಯಂತಹ ರಚನೆಗಳನ್ನು ಕಂಡು ವಿವರಿಸಿದರು. ಒಂದರೊಳಗೊಂದು ಸೇರಿದ ಕೊಳವೆಗಳಂತೆ ಅವು ಇದ್ದವು. ೧೯೯೩ರಲ್ಲಿ ಒಂದೇ ಗೋಡೆಯ ಕೊಳವೆಗಳೂ ದೊರೆತವು. ಇವಕ್ಕೆ ಇಂಗಾಲದ ನ್ಯಾನೋ ನಳಿಕೆಗಳೆಂದು ಹೆಸರಾಯಿತು. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ದೊರೆಯುವ ಒಂದು ಭಾಗವೇ ನ್ಯಾನೋಮೀಟರು. ಒಂದೇ ಗೋಡೆಯ ನಳಿಕೆಯ ಅಡ್ಡಳತೆ ಸಾಮಾನ್ಯವಾಗಿ ಒಂದೆರಡು ನ್ಯಾನೋಮೀಟರು; ನಮ್ಮ ತಲೆಗೂದಲಿನ ದಪ್ಪ ಅದರ ಹತ್ತಾರು ಸಾವಿರ ಪಟ್ಟು.

ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್, ಒಂದರ ಮೇಲೊಂದು ಪೇರಿಸಿದ ಇಂಗಾಲದ ಹಾಳೆಗಳ ಕಟ್ಟು. ಪ್ರತಿ ಹಾಳೆಯಲ್ಲಿಯೂ ಪರಮಾಣುಗಳು ಜೇನುಗೂಡಿನಂತೆ ಆರು ಮೂಲೆಗಳ ಮನೆಗಳಾಗಿ ಹೆಣೆದುಕೊಂಡಿರುತ್ತವೆ. ಅಂತಹ ಒಂದು ಹಾಳೆಯನ್ನು ಚಾಪೆಯಂತೆ ಸುರುಳಿ ಸುತ್ತಿ ಅಂಚಿಗೆ ಅಂಚು ಸೇರಿಸಿದರೆ ಹೇಗಿದ್ದೀತೋ ಹಾಗಿದೆ ನ್ಯಾನೋ ನಳಿಕೆ. ಇದರ ವೈಶಿಷ್ಟ್ಯವೆಂದರೆ ಇದರಲ್ಲಿ ಒಳಗೆ ಹುದುಗಿದ ಪರಮಾಣು ಎಂಬುದೇ ಇಲ್ಲ. ಪ್ರತಿಯೊಂದು ಪರಮಾಣುವೂ ಹೊರಗಿನ ಗಾಳಿಗೆ ಮೈಯೊಡ್ಡಿ ನಿಂತಿದೆ. ತುದಿಗಳು ಮುಚ್ಚಿದ್ದು, ಬಿಡಿ ಬಿಡಿಯಾಗಿರುವ ಒಂದು ಗ್ರಾಂ ನಳಿಕೆಗಳ ಹೊರಮೈ, ಲೆಕ್ಕದ ಪ್ರಕಾರ, ೧,೩೧೫ ಚದರ ಮೀಟರು. ಅಂದರೆ ಸುಮಾರು ಹದಿಮೂರು ಗುಂಟೆ. ಮೂರು ಗ್ರಾಂ ನಳಿಕೆಗಳ ಮೈಯನ್ನು ಹರಡಬಹುದಾಗಿದ್ದರೆ ಅದು ಹತ್ತಿರ ಹತ್ತಿರ ಒಂದು ಎಕರೆ ಹೊಲವನ್ನು ಮುಚ್ಚೀತು. ಚಿಟಿಕೆ ಪುಡಿಯಲ್ಲಿ ಇಷ್ಟು ಹರವು ಇದೆಯೆಂದ ಮೇಲೆ ವಿಜ್ಞಾನಿಗಳಲ್ಲಿ ಆಸೆ ಹುಟ್ಟಿದ್ದು ಸಹಜವೇ.

ಅಣು ಅಂಟುವುದೇಕೆ?

ನಳಿಕೆಯ ಮೈಗೆ ಅಂಟು ಬಳಿದಿಲ್ಲ. ಆದರೂ ಅಣು ಅಲ್ಲಿ ನಿಲ್ಲುತ್ತದೆ. ಪ್ರತಿ ಅಣುವಿನಲ್ಲಿಯೂ ಎಲೆಕ್ಟ್ರಾನುಗಳು ಎಡೆಬಿಡದೆ ಚಲಿಸುತ್ತಿರುತ್ತವೆ. ಯಾವುದೋ ಒಂದು ಕ್ಷಣದಲ್ಲಿ ಅವು ಒಂದು ಬದಿಗೆ ಕೊಂಚ ಹೆಚ್ಚಾಗಿ ಸೇರಿದರೆ ಆ ಬದಿ ಋಣ ವಿದ್ಯುತ್ತಿನದಾಗಿಯೂ ಎದುರು ಬದಿ ಧನ ವಿದ್ಯುತ್ತಿನದಾಗಿಯೂ ವರ್ತಿಸುತ್ತದೆ. ಅದರ ಪ್ರಭಾವದಿಂದ ನೆರೆಯ ಪರಮಾಣುವಿನಲ್ಲಿಯೂ ಅಂತಹುದೇ ಪಲ್ಲಟವುಂಟಾಗಿ ಇವೆರಡೂ ಒಂದನ್ನೊಂದು ಸೆಳೆಯುತ್ತವೆ. ನೆದರ್ಲೆಂಡಿನ ವಾನ್ ಡರ್ ವಾಲ್ಸ್ ಎಂಬ ವಿಜ್ಞಾನಿಯ ಹೆಸರಿನಿಂದ ಕರೆಯಲಾಗುವ ಈ ಸೆಳೆತಕ್ಕೆ ಫ್ರಿಟ್ಸ್ ಲಂಡನ್ ೧೯೩೦ರಲ್ಲಿ ಸರಿಯಾದ ವಿವರಣೆಯನ್ನು ಕೊಟ್ಟನು.

ಒಂದೊಂದಾಗಿ ನೋಡಿದರೆ ಈ ಸೆಳೆತ ಬಹಳ ದುರ್ಬಲ. ಕೋಟಿ ಕೋಟಿ ಸೇರಿದರೆ ಅದೇ ಬಲಿಷ್ಠ. ಗೋಡೆಯ ಮೇಲೆ ನಿರಾಯಾಸವಾಗಿ ಓಡಾಡುವ ಹಲ್ಲಿಯೇ ಇದಕ್ಕೆ ಸಾಕ್ಷಿ. ಟೋಕೇ ಎಂಬ ಜಾತಿಯ ಹಲ್ಲಿಯ ಪಾದಗಳನ್ನು ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು, ಅದರ ಬೆರಳಿನ ಅಸಂಖ್ಯ ನವಿರುರೋಮಗಳು ಗೋಡೆಯನ್ನು ಹಿಡಿಯುವುದು ಇದೇ ಸೆಳೆತದಿಂದ ಎಂದು ೨೦೦೨ರಲ್ಲಿ ತೋರಿಸಿದರು. ಹಲ್ಲಿ ಹಿಡಿಯುತ್ತದೆ ಎಂಬುದು ಅರ್ಧ ಮಾತು. ಮರುಕ್ಷಣವೇ ಪಾದವನ್ನು ಬಿಡಿಸಿಕೊಳ್ಳಬಲ್ಲುದು ಎಂಬುದು ಇನ್ನರ್ಧ. ಬಿಡಲಾರದ ಹಿಡಿತವಿದ್ದಿದ್ದರೆ ಅದು ಗೋಡೆಗೆ ಮೆತ್ತಿಕೊಂಡೇ ಸಾಯಬೇಕಿತ್ತು.

ನಳಿಕೆಗಳು ಸಾಮಾನ್ಯವಾಗಿ ಒಂಟಿಯಾಗಿರದೆ, ಕಬ್ಬಿನ ಹೊರೆಯಂತೆ ಒತ್ತೊತ್ತಾಗಿ ಕಟ್ಟುಗಳಾಗಿರುತ್ತವೆ. ಅಂತಹ ಕಟ್ಟಿನಲ್ಲಿ ಅಣುವಿಗೆ ನಾಲ್ಕು ಬಗೆಯ ಠಾವುಗಳುಂಟು: ಹೊರಗಿನ ನಳಿಕೆಗಳ ದುಂಡು ಬೆನ್ನು, ಅಕ್ಕಪಕ್ಕದ ಎರಡು ನಳಿಕೆಗಳ ನಡುವಣ ಕಣಿವೆ, ಕಟ್ಟಿನ ಒಳಗೆ ಮೂರು ನಳಿಕೆಗಳ ನಡುವೆ ಉಳಿಯುವ ಕಿರಿದಾದ ಸಂದಿ, ತುದಿ ತೆರೆದಿದ್ದರೆ ನಳಿಕೆಯ ಒಳಗು. ದುಂಡು ಬೆನ್ನಿನ ಮೇಲೆ ಕುಳಿತ ಅಣುವನ್ನು ಒಂದೇ ಗೋಡೆ ಹಿಡಿದಿರುತ್ತದೆ. ಕಣಿವೆಯಲ್ಲಿ ಕುಳಿತದ್ದನ್ನು ಎರಡು ಗೋಡೆಗಳು ಎರಡು ಬದಿಯಿಂದ ಹಿಡಿಯುತ್ತವೆ. ಆದುದರಿಂದ ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟಾಗ ಮೊದಲು ತುಂಬುವುದು ಇಂತಹ ಬಿಗಿಯಾದ ಠಾವುಗಳು. ಒಳಗಿನ ಸಂದಿಗಳು ಎಷ್ಟೋ ಅಣುಗಳಿಗೆ ಇಕ್ಕಟ್ಟು. ಅವು ಅಲ್ಲಿಗೆ ಹೋಗಲಾರವು. ತೆರೆದ ನಳಿಕೆಯ ಒಳಗೆ ಸುತ್ತಲೂ ಗೋಡೆಯಿರುವುದರಿಂದ ಅಲ್ಲಿಯೂ ಹಿಡಿತ ಬಲವಾಗಿರುತ್ತದೆ.

ಹಾಗೆ ಕುಳಿತ ಅಣು ಅಲ್ಲಿಯೇ ಶಾಶ್ವತವಾಗಿ ಇರುವುದಿಲ್ಲ. ವಿದ್ಯುದ್ದೀಪದ ತಂತಿಗಳ ಮೇಲೆ ಅನಿಲಗಳ ವರ್ತನೆಯನ್ನು ಅಭ್ಯಸಿಸಿದ ಅಮೆರಿಕದ ಅರ್ವಿಂಗ್ ಲ್ಯಾಂಗ್ಮ್ಯೂರ್ ೧೯೧೮ರ ವೇಳೆಗೆ ಇದರ ಗಣಿತವನ್ನು ಸ್ಪಷ್ಟಪಡಿಸಿದನು. ಮೇಲ್ಮೈ ರಸಾಯನದ ಅಧ್ಯಯನಕ್ಕಾಗಿ ೧೯೩೨ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಪಡೆದನು. ಮದುವೆಮನೆಯ ಪಂಕ್ತಿಯನ್ನು ನೆನೆದರೆ ಅವನ ವಿಚಾರ ಸುಲಭವಾಗಿ ತಿಳಿಯುತ್ತದೆ. ಒಂದು ಎಲೆಗೆ ಒಬ್ಬರು. ಕೆಲವರು ಏಳುತ್ತಾರೆ, ಕೆಲವರು ಬಂದು ಕುಳಿತುಕೊಳ್ಳುತ್ತಾರೆ. ಬಾಗಿಲಲ್ಲಿ ಕಾದವರು ಹೆಚ್ಚಾದರೆ ಎಲೆಗಳೆಲ್ಲ ತುಂಬುತ್ತವೆ. ಅನಿಲದ ಒತ್ತಡವೆಂದರೆ ಬಾಗಿಲಲ್ಲಿ ಕಾದವರ ಸಂಖ್ಯೆ. ಉಷ್ಣತೆಯೆಂದರೆ ಕುಳಿತವರನ್ನು ಬೇಗ ಎಬ್ಬಿಸುವ ಅವಸರ. ಒತ್ತಡ ಏರಿದರೆ ಹೆಚ್ಚು ಅಣುಗಳು ನೆಲೆಸುತ್ತವೆ; ಕಾವು ಏರಿದರೆ ಎದ್ದುಹೋಗುತ್ತವೆ.

ಜಲಜನಕದ ಆಸೆ

ಜಲಜನಕವನ್ನು ಉರಿಸಿದರೆ ಉಳಿಯುವುದು ನೀರು ಮಾತ್ರ. ಒಂದು ಕಿಲೋ ಜಲಜನಕದಲ್ಲಿ ಒಂದು ಕಿಲೋ ಪೆಟ್ರೋಲಿಗಿಂತ ಎರಡೂವರೆ ಪಟ್ಟಿಗೂ ಮಿಗಿಲಾದ ಶಕ್ತಿಯಿದೆ. ತೊಡಕಿರುವುದು ಅದನ್ನು ಕೂಡಿಡುವುದರಲ್ಲಿ. ಸಾಮಾನ್ಯ ಒತ್ತಡದಲ್ಲಿ ಒಂದು ಕಿಲೋ ಜಲಜನಕಕ್ಕೆ ಹನ್ನೆರಡು ಘನ ಮೀಟರುಗಳಷ್ಟು, ಅಂದರೆ ಒಂದು ಸಣ್ಣ ಕೋಣೆಯ ಅರ್ಧದಷ್ಟು ಸ್ಥಳ ಬೇಕು. ದ್ರವವಾಗಿಸಬೇಕಾದರೆ ಸೊನ್ನೆಗಿಂತ ೨೫೩ ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಬೇಕು. ಇಲ್ಲವೆಂದರೆ ವಾಯುಮಂಡಲದ ಒತ್ತಡದ ೭೦೦ ಪಟ್ಟು ಅದುಮಿ ತುಂಬಬೇಕು. ವಾಹನದ ತೊಟ್ಟಿಯಲ್ಲಿ ನ್ಯಾನೋ ನಳಿಕೆಯ ಪುಡಿಯನ್ನು ತುಂಬಿದರೆ ಅದರ ಎಕರೆಗಟ್ಟಲೆ ಮೇಲ್ಮೈಯ ಮೇಲೆ ಜಲಜನಕ ತಾನಾಗಿ ಬಂದು ನೆಲೆಸೀತು. ಬೇಕಾದಾಗ ಕೊಂಚ ಬಿಸಿ ಮಾಡಿ ಹೊರತೆಗೆಯಬಹುದು. ಆಸೆ ಇದು. ಹೊಗೆಯುಗುಳದ ವಾಹನಗಳ ಯುಗವೇ ಇದರ ಮೇಲೆ ನಿಂತಂತೆ ತೋರಿತು.

೧೯೯೭ರಲ್ಲಿ ಅಮೆರಿಕದ ಒಂದು ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು ನಳಿಕೆಗಳು ತಮ್ಮ ತೂಕದ ಶೇಕಡ ೫ರಿಂದ ೧೦ರಷ್ಟು ಜಲಜನಕವನ್ನು ಹಿಡಿಯಬಲ್ಲವೆಂದು ಅಂದಾಜು ಮಾಡಿದರು. ಆಗ ವಾಹನಗಳಿಗಾಗಿ ಇಟ್ಟುಕೊಂಡಿದ್ದ ಗುರಿ ಶೇಕಡ ೬.೫. ಗುರಿ ಕೈಗೆಟುಕಿತೆಂದು ಎಲ್ಲರೂ ಹಿಗ್ಗಿದರು. ಆದರೆ ಅವರು ಪರೀಕ್ಷಿಸಿದ ಮಸಿಯಲ್ಲಿ ನಿಜವಾದ ನಳಿಕೆಗಳಿದ್ದುದು ಶೇಕಡ ೦.೧ರಿಂದ ೦.೨ ಮಾತ್ರ. ಉಳಿದದ್ದನ್ನು ಗುಣಾಕಾರದಿಂದ ಲೆಕ್ಕಹಾಕಲಾಗಿತ್ತು. ೧೯೯೮ರಲ್ಲಿ ಬಾಸ್ಟನ್ನಿನಿಂದ ಬಂದ ವರದಿ ಇನ್ನೂ ಆಶ್ಚರ್ಯಕರವಾಗಿತ್ತು. ಇಂಗಾಲದ ನಾರುಗಳು ಒಂದೊಂದು ಗ್ರಾಮಿಗೆ ೨೦ ಲೀಟರಿಗೂ ಹೆಚ್ಚು ಜಲಜನಕವನ್ನು ಹಿಡಿದವು ಎಂದು ಅದು ಹೇಳಿತು. ತೂಕದಲ್ಲಿ ಹೇಳುವುದಾದರೆ ಹಿಡಿದ ವಸ್ತುವಿಗಿಂತ ಹಿಡಿಸಿಕೊಂಡದ್ದೇ ಹೆಚ್ಚು! ೧೯೯೯ರಲ್ಲಿ ಸಿಂಗಪುರದ ವಿಜ್ಞಾನಿಗಳು ಲಿಥಿಯಮ್ ಬೆರೆಸಿದ ನಳಿಕೆಗಳಲ್ಲಿ ಶೇಕಡ ೨೦, ಪೊಟ್ಯಾಸಿಯಮ್ ಬೆರೆಸಿದವುಗಳಲ್ಲಿ ಶೇಕಡ ೧೪ ಎಂದು ವರದಿ ಮಾಡಿದರು.

ವಿಜ್ಞಾನದಲ್ಲಿ ಒಬ್ಬರು ಕಂಡದ್ದನ್ನು ಇನ್ನೊಬ್ಬರೂ ಕಾಣಬೇಕು. ಅದು ಅಲ್ಲಿನ ಕಟ್ಟಳೆ. ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ಇದೇ ಕೆಲಸವನ್ನು ಮತ್ತೆ ಮಾಡತೊಡಗಿದವು. ಬಾಸ್ಟನ್ನಿನ ಫಲಿತಾಂಶವನ್ನು ಯಾರೂ ಮರಳಿ ಪಡೆಯಲಾಗಲಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರಾಲ್ಫ್ ಯಾಂಗ್ ೨೦೦೦ದಲ್ಲಿ ಲಿಥಿಯಮ್, ಪೊಟ್ಯಾಸಿಯಮ್ ಬೆರೆತ ನಳಿಕೆಗಳನ್ನು ತೂಗಿ ನೋಡಿದರು. ಅನಿಲದಲ್ಲಿದ್ದ ತೇವವನ್ನು ಪೂರ್ತಿಯಾಗಿ ತೆಗೆದಾಗ ಶೇಕಡ ೨೦ ಎಂಬುದು ೨.೫ಕ್ಕೂ, ೧೪ ಎಂಬುದು ೧.೮ಕ್ಕೂ ಇಳಿಯಿತು. ತೂಕವನ್ನು ಹೆಚ್ಚಿಸಿದ್ದು ಬಹುಪಾಲು ನೀರಿನ ಅಂಶವೇ ಆಗಿತ್ತು. ಜರ್ಮನಿಯ ಸ್ಟುಟ್‌ಗಾರ್ಟಿನ ಹಿರ್ಷರ್ ಮತ್ತು ಸಂಗಡಿಗರು ೨೦೦೧ರಲ್ಲಿ ಇನ್ನೊಂದು ಕಾರಣವನ್ನು ಪತ್ತೆಮಾಡಿದರು. ನಳಿಕೆಗಳ ತುದಿಯನ್ನು ಕತ್ತರಿಸಲು ಬಳಸುವ ಶ್ರವಣಾತೀತ ಧ್ವನಿಯ ಸಲಾಕೆ ಟೈಟೇನಿಯಮ್ ಮಿಶ್ರಲೋಹದ್ದು. ಅದು ಸವೆದು ಪುಡಿಯಲ್ಲಿ ಬೆರೆಯುತ್ತಿತ್ತು. ಜಲಜನಕವನ್ನು ಹಿಡಿಯುತ್ತಿದ್ದುದು ಆ ಲೋಹದ ಕಣಗಳು. ಕೀರ್ತಿ ಮಾತ್ರ ನಳಿಕೆಗೆ ಸಲ್ಲುತ್ತಿತ್ತು.

ಕೊನೆಗೆ ನಿಂತ ಸತ್ಯ ಇಷ್ಟು. ಸಾಮಾನ್ಯ ಉಷ್ಣತೆಯಲ್ಲಿ ಶುದ್ಧ ನಳಿಕೆ ಹಿಡಿಯಬಲ್ಲುದು ಸುಮಾರು ಶೇಕಡ ಒಂದು ಅಥವಾ ಅದಕ್ಕಿಂತ ಕಡಿಮೆ. ಕಾರಣವನ್ನು ಅಂಕಿಗಳೇ ಹೇಳುತ್ತವೆ. ಇಂಗಾಲದ ಮೈಗೂ ಜಲಜನಕದ ಅಣುವಿಗೂ ಇರುವ ಸೆಳೆತ ಪ್ರತಿ ಮೋಲಿಗೆ ಸುಮಾರು ೫ ಕಿಲೋಜೂಲ್. ನಮ್ಮ ಕೋಣೆಯ ಉಷ್ಣತೆಯಲ್ಲಿ ಅಣುವನ್ನು ಅಲುಗಾಡಿಸುವ ಶಕ್ತಿ ಸುಮಾರು ೨.೫ ಕಿಲೋಜೂಲ್. ಹಿಡಿಯುವ ಕೈಗೂ ಕೊಸರುವ ಕೈಗೂ ಅಷ್ಟೇನೂ ಅಂತರವಿಲ್ಲ; ಅಣು ಕುಳಿತಷ್ಟೇ ಬೇಗ ಏಳುತ್ತದೆ. ದ್ರವ ನೈಟ್ರೋಜನ್ನಿನ ಶೀತಕ್ಕೆ, ಅಂದರೆ ಸೊನ್ನೆಗಿಂತ ೧೯೬ ಡಿಗ್ರಿ ಕೆಳಗೆ ತಣಿಸಿದರೆ ಕೊಸರಾಟ ಕಾಲುಭಾಗಕ್ಕಿಳಿಯುತ್ತದೆ. ಆಗ ಪ್ರತಿ ೫೦೦ ಚದರ ಮೀಟರಿಗೆ ತೂಕದ ಶೇಕಡ ಒಂದರಷ್ಟು ಜಲಜನಕ ನಿಲ್ಲುತ್ತದೆ ಎಂಬುದು ಅನುಭವದಿಂದ ಬಂದ ಲೆಕ್ಕ. ನಮ್ಮ ಹದಿಮೂರು ಗುಂಟೆಯನ್ನು ಈ ಲೆಕ್ಕಕ್ಕೆ ಹಚ್ಚಿದರೆ ದೊರೆಯುವುದು ಶೇಕಡ ಎರಡೂವರೆ ಚಿಲ್ಲರೆ. ಅಮೆರಿಕದ ಇಂಧನ ಇಲಾಖೆ ೨೦೦೬ರಲ್ಲಿ, ಸಾಮಾನ್ಯ ಉಷ್ಣತೆಯಲ್ಲಿ ವಾಹನಗಳಿಗಾಗಿ ಶುದ್ಧ ನಳಿಕೆಗಳನ್ನು ಅವಲಂಬಿಸುವ ಯತ್ನವನ್ನು ಕೈಬಿಟ್ಟಿತು. ೨೦೧೪ರಿಂದ ಮಾರಾಟಕ್ಕೆ ಬಂದ ಜಪಾನಿನ ಜಲಜನಕದ ಕಾರು ನಂಬಿದ್ದು ೭೦೦ ಪಟ್ಟು ಒತ್ತಡದ ಗಟ್ಟಿಮುಟ್ಟಾದ ತೊಟ್ಟಿಯನ್ನೇ.

ಹಾಗಾದರೆ ಎಷ್ಟು ಬಿಗಿ ಇರಬೇಕಿತ್ತು? ೨೦೦೬ರಲ್ಲಿ ಪ್ರಕಟವಾದ ಒಂದು ಗಣನೆಯ ಪ್ರಕಾರ ಸುಮಾರು ೧೫ ಕಿಲೋಜೂಲ್. ಐದಕ್ಕೆ ನಿಲ್ಲದು. ಇಂಗಾಲ, ಜಲಜನಕಗಳ ನಡುವಣ ರಾಸಾಯನಿಕ ಬಂಧದಂತೆ ನಾನೂರರ ಆಸುಪಾಸಿಗೆ ಹೋದರೆ ಬೆಂಕಿಯ ಕಾವಿಲ್ಲದೆ ಬಿಡದು. ಜಗಲಿಯ ದಾರಿಹೋಕನೂ ಅಲ್ಲದ, ಬೀಗತನ ಬೆಳೆಸಿ ಒಳಮನೆ ಸೇರಿದವನೂ ಅಲ್ಲದ, ನಡುವಿನ ಒಂದು ನಂಟು ಬೇಕಾಗಿದೆ. ಅದನ್ನು ಅರಸುತ್ತ ವಿಜ್ಞಾನಿಗಳು ಲೋಹ ಮತ್ತು ಸಾವಯವ ಕೊಂಡಿಗಳಿಂದ ಕಟ್ಟಿದ ರಂಧ್ರಮಯ ಚೌಕಟ್ಟುಗಳತ್ತಲೂ ಹೊರಳಿದ್ದಾರೆ. ಅವುಗಳನ್ನು ರೂಪಿಸಿದ ಕಿಟಗಾವ, ರಾಬ್ಸನ್, ಯಾಘಿ ಎಂಬ ಮೂವರಿಗೆ ೨೦೨೫ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಬಿಡಲೊಲ್ಲದ ಹಿಡಿತ

ಜಲಜನಕದ ಕಥೆ ಸಡಿಲ ಹಿಡಿತದ್ದಾದರೆ, ಬಿಗಿ ಹಿಡಿತದ ಕಥೆಯೂ ಒಂದುಂಟು. ಕೆಲವು ನಳಿಕೆಗಳು ಅರೆವಾಹಕಗಳು. ಅವುಗಳಲ್ಲಿ ಹರಿಯುವ ವಿದ್ಯುತ್ತು ಹೊರಗಿನ ಅಲ್ಪ ಪ್ರಭಾವಕ್ಕೂ ಏರಿಳಿಯುತ್ತದೆ. ಎಲ್ಲ ಪರಮಾಣುಗಳೂ ಮೇಲ್ಮೈಯಲ್ಲಿಯೇ ಇರುವುದರಿಂದ ಬಂದು ಕುಳಿತ ಅಣುವಿನ ಸುದ್ದಿ ನಳಿಕೆಗೆ ಕೂಡಲೇ ತಟ್ಟುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಂಗ್‌ಜಿ ಡೈ ಮತ್ತು ಸಂಗಡಿಗರು ೨೦೦೦ದಲ್ಲಿ ಒಂದೇ ಒಂದು ನಳಿಕೆಯನ್ನು ತಂತಿಯಾಗಿ ಬಳಸಿ ಅನಿಲಗಳನ್ನು ಗುರುತಿಸಿ ತೋರಿಸಿದರು. ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ೨೦೦ ಭಾಗದಷ್ಟಿದ್ದಾಗ, ಕೆಲವೇ ಸೆಕೆಂಡುಗಳಲ್ಲಿ ನಳಿಕೆಯ ವಿದ್ಯುದ್ವಾಹಕತೆ ಸುಮಾರು ಸಾವಿರ ಪಟ್ಟು ಏರಿತು. ಅಮೋನಿಯ ಶೇಕಡ ಒಂದರಷ್ಟಿದ್ದಾಗ ಒಂದೆರಡು ನಿಮಿಷಗಳಲ್ಲಿ ಅದು ಸುಮಾರು ನೂರನೆಯ ಒಂದು ಭಾಗಕ್ಕಿಳಿಯಿತು. ಮೊದಲನೆಯದು ನಳಿಕೆಯಿಂದ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುವ ಸ್ವಭಾವದ್ದು. ಎರಡನೆಯದರ ಪರಿಣಾಮ ಅದಕ್ಕೆ ವಿರುದ್ಧ. ಈ ನಳಿಕೆಗಳಲ್ಲಿ ವಿದ್ಯುತ್ತು ಹರಿಯುವುದು ಎಲೆಕ್ಟ್ರಾನುಗಳ ಖಾಲಿ ಸ್ಥಾನಗಳ ಮೂಲಕ. ಆದುದರಿಂದ ಕಿತ್ತುಕೊಂಡಾಗ ಹರಿವು ಹೆಚ್ಚುತ್ತದೆ, ತುಂಬಿಕೊಟ್ಟಾಗ ತಗ್ಗುತ್ತದೆ.

ಹೀಗೆ ನ್ಯಾನೋ ನಳಿಕೆಗೆ ಮೂಗು ಮೂಡಿತು. ಆದರೆ ಆ ಮೂಗು ಒಮ್ಮೆ ಮೂಸಿದ ವಾಸನೆಯನ್ನು ಮರೆಯಲೊಲ್ಲದು. ನೈಟ್ರೋಜನ್ ಡೈಆಕ್ಸೈಡನ್ನು ನಿಲ್ಲಿಸಿ ಶುದ್ಧ ಅನಿಲವನ್ನು ಹರಿಸಿದರೂ ನಳಿಕೆ ಮೊದಲಿನ ಸ್ಥಿತಿಗೆ ಮರಳಲು ಸುಮಾರು ಹನ್ನೆರಡು ಗಂಟೆಗಳೇ ಹಿಡಿದವು. ೨೦೦ ಡಿಗ್ರಿಗೆ ಬಿಸಿಮಾಡಿದಾಗ ಒಂದು ಗಂಟೆಯಲ್ಲಿ ಚೇತರಿಸಿಕೊಂಡಿತು. ಬೆಳಗಿನ ವಾಸನೆಯನ್ನು ಸಂಜೆಯವರೆಗೂ ಹೇಳುತ್ತಿರುವ ಕಾವಲುಗಾರನಿಂದ ಪ್ರಯೋಜನ ಕಡಿಮೆ. ನಳಿಕೆಯ ಮೈಗೆ ಬೇರೆ ಬೇರೆ ಲೇಪಗಳನ್ನು ಹಚ್ಚಿ ಹಿಡಿತವನ್ನು ಹದಗೊಳಿಸುವ ಕೆಲಸ ಅಂದಿನಿಂದಲೂ ನಡೆದಿದೆ.

ಅದೇ ೨೦೦೦ದಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯ ವಿಜ್ಞಾನಿಗಳು ಇನ್ನೊಂದು ಸಂಗತಿಯನ್ನು ಹೊರಗಿಟ್ಟರು. ಗಾಳಿಯ ಆಮ್ಲಜನಕ ಸೋಕಿದಾಗಲೂ ನಳಿಕೆಯ ವಿದ್ಯುತ್ ಗುಣಗಳು ಗಣನೀಯವಾಗಿ ಬದಲಾಗುತ್ತವೆ. ಶುದ್ಧ ನಳಿಕೆಯ ಗುಣವೆಂದು ಅಲ್ಲಿಯವರೆಗೆ ಗಾಳಿಯಲ್ಲಿ ಅಳೆದದ್ದರಲ್ಲಿ ಅದರ ಮೇಲೆ ಕುಳಿತ ಆಮ್ಲಜನಕದ ಪಾಲೂ ಸೇರಿತ್ತೆಂದು ಇದರಿಂದ ತಿಳಿಯಿತು.

ನಮ್ಮ ನಾಡಿನಲ್ಲಿ

ಈ ವಸ್ತುವಿನ ಅಧ್ಯಯನದಲ್ಲಿ ಬೆಂಗಳೂರಿನ ಪಾಲು ಚಿಕ್ಕದಲ್ಲ. ಸಿ.ಎನ್.ಆರ್. ರಾವ್ ಮತ್ತು ಅವರ ಶಿಷ್ಯರು ೧೯೯೮ರಲ್ಲಿ ಫೆರೋಸೀನ್ ಎಂಬ ಕಬ್ಬಿಣಯುಕ್ತ ಸಂಯುಕ್ತವನ್ನು ಕಾಯಿಸಿ ಒಡೆದು, ಒಂದೇ ದಿಕ್ಕಿಗೆ ಸಾಲಾಗಿ ನಿಂತ ನಳಿಕೆಗಳ ಕಟ್ಟುಗಳನ್ನು ಬೆಳೆಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್, ಶಂಕರ್ ಘೋಷ್ ಹಾಗೂ ರಾಮನ್ ಸಂಶೋಧನಾ ಸಂಸ್ಥೆಯ ಎನ್. ಕುಮಾರ್ ೨೦೦೩ರಲ್ಲಿ ನಳಿಕೆಗಳ ಕಟ್ಟಿನ ಮೇಲೆ ದ್ರವವನ್ನು ಹರಿಸಿ, ಹರಿವಿನಿಂದಲೇ ಕೆಲವು ಮಿಲಿವೋಲ್ಟ್ ವಿದ್ಯುತ್ತು ಹುಟ್ಟುವುದನ್ನು ತೋರಿಸಿದರು. ಹರಿವಿನ ವೇಗ ಹತ್ತು ಪಟ್ಟು ಹೆಚ್ಚಿದಾಗಲೆಲ್ಲ ವೋಲ್ಟಿನ ಪ್ರಮಾಣ ಒಂದೇ ಅಳತೆಯ ಮೆಟ್ಟಿಲೇರಿತು. ಮೇಲ್ಮೈಗೆ ತೀರ ಸಮೀಪದಲ್ಲಿ ಸಾಗುವ ಅಯಾನುಗಳು ನಳಿಕೆಯ ಒಳಗಿನ ವಿದ್ಯುತ್ಕಣಗಳನ್ನು ತಮ್ಮೊಡನೆ ಎಳೆದೊಯ್ಯುತ್ತವೆ ಎಂಬುದು ಅವರು ಕೊಟ್ಟ ವಿವರಣೆ. ಮೇಲ್ಮೈಯ ಬಳಿ ನಡೆಯುವುದು ಒಳಗಿನ ವ್ಯವಹಾರವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಇದು ಇನ್ನೊಂದು ನಿದರ್ಶನ.

ಎಚ್ಚರಿಕೆಯ ಮಾತೊಂದನ್ನೂ ಇಲ್ಲಿಯೇ ಹೇಳಬೇಕು. ಉದ್ದನೆಯ, ಬಿರುಸಾದ ನಳಿಕೆಗಳು ಇಲಿಗಳ ದೇಹದಲ್ಲಿ ಕಲ್ನಾರಿನಂತೆ ಉರಿಯೂತವನ್ನುಂಟುಮಾಡಬಲ್ಲವೆಂದು ೨೦೦೮ರ ಅಧ್ಯಯನವೊಂದು ತೋರಿಸಿತು. ೨೦೧೪ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹಲವು ಗೋಡೆಗಳ ನಳಿಕೆಗಳಲ್ಲಿ ಒಂದು ಬಗೆಯನ್ನು, ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಆದುದರಿಂದ ಇವುಗಳ ಒಣ ಪುಡಿ ಉಸಿರಿಗೆ ಸೇರದಂತೆ ಕಾರ್ಖಾನೆಗಳಲ್ಲಿಯೂ ಪ್ರಯೋಗಾಲಯಗಳಲ್ಲಿಯೂ ಜಾಗ್ರತೆ ವಹಿಸುವುದು ಅತ್ಯಗತ್ಯ.

ಮನೆಯ ನೀರಿನ ಯಂತ್ರ

ಇಷ್ಟನ್ನೂ ಓದಿದ ಗೃಹಿಣಿಯರು, ‘ಇದರಿಂದ ನಮಗೇನು?’ ಎಂದು ಕೇಳಿದರೆ ತಪ್ಪಲ್ಲ. ಇಂದು ಅನೇಕ ಮನೆಗಳಲ್ಲಿ ನೀರು ಶುದ್ಧಮಾಡುವ ಯಂತ್ರವಿದೆ. ಅದರ ಒಂದು ಕೊಳವೆಯಲ್ಲಿ ಸಾಮಾನ್ಯವಾಗಿ ತುಂಬಿರುವುದು ಇದೇ ಇದ್ದಿಲಿನ ಜಾತಿಯ ಇಂಗಾಲ. ಅದು ನೀರಿನ ವಾಸನೆಯನ್ನೂ ಕ್ಲೋರಿನ್ನಿನ ರುಚಿಯನ್ನೂ ಕೆಲವು ಕೀಟನಾಶಕಗಳನ್ನೂ ತೆಗೆಯುತ್ತದೆ. ಆದರೆ ಅದರ ಠಾವುಗಳು ಎಣಿಕೆಯವು. ಪಂಕ್ತಿಯ ಎಲೆಗಳೆಲ್ಲ ತುಂಬಿದ ಮೇಲೆ ಹೊಸಬರಿಗೆ ಸ್ಥಳವಿಲ್ಲ. ಅವಧಿ ಮೀರಿದ ಕೊಳವೆಯ ಮೂಲಕ ನೀರು ಸುಮ್ಮನೆ ಹಾದುಬರುತ್ತದೆ. ನೋಡಲು ತಿಳಿಯಾಗಿಯೇ ಇರುವುದರಿಂದ ನಮಗೆ ಅದು ಗೊತ್ತಾಗುವುದೂ ಇಲ್ಲ. ಅದನ್ನು ಕಾಲಕಾಲಕ್ಕೆ ಬದಲಿಸಬೇಕೆಂದು ತಯಾರಕರು ಹೇಳುವುದಕ್ಕೆ ವ್ಯಾಪಾರದ ಹೊರತಾಗಿ ಈ ಕಾರಣವೂ ಇದೆ.

ಇನ್ನೂ ಮುಖ್ಯವಾದ ಮಾತೊಂದಿದೆ. ಇಂಗಾಲ ಎಲ್ಲವನ್ನೂ ಹಿಡಿಯುವುದಿಲ್ಲ. ನೀರನ್ನು ಅಷ್ಟಾಗಿ ಬಯಸದ, ತನ್ನಂತೆಯೇ ಇಂಗಾಲಮಯವಾದ ಅಣುಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಫ್ಲೋರೈಡಿನಂತಹ ಅಯಾನಾದರೋ ನೀರಿನ ಅಣುಗಳನ್ನು ಸುತ್ತ ಹೊದ್ದುಕೊ೦ಡು ನೀರಿನಲ್ಲಿಯೇ ನೆಮ್ಮದಿಯಾಗಿರುತ್ತದೆ. ಇಂಗಾಲದ ಮೈಗೆ ಬರಲು ಅದಕ್ಕೆ ಪ್ರೇರಣೆಯಿಲ್ಲ. ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ ಮುಂತಾದೆಡೆಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು, ಜನರ ಹಲ್ಲು ಮೂಳೆಗಳನ್ನು ಕೆಡಿಸಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೧ ಮಿಲಿಗ್ರಾಮಿನೊಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ ೧.೫ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅಂತಹ ಊರಿನಲ್ಲಿ ಬರಿಯ ಇಂಗಾಲದ ಶೋಧಕವನ್ನು ನಂಬಿ ಕುಳಿತರೆ ಮಕ್ಕಳ ಮೂಳೆಗೆ ರಕ್ಷಣೆಯಿಲ್ಲ. ಅಲ್ಲಿ ಬೇಕಾದದ್ದು ಸಕ್ರಿಯ ಅಲ್ಯುಮಿನ ತುಂಬಿದ ಶೋಧಕ, ಇಲ್ಲವೇ ಆರ್.ಓ. ಘಟಕ. ಅಲ್ಯುಮಿನ ಮಾಡುವ ಕೆಲಸವೂ ಅಧಿಶೋಷಣೆಯೇ. ಆದರೆ ಅದರ ಮೇಲ್ಮೈಯ ಒಲವು ಬೇರೆ. ‘ನ್ಯಾನೋ’ ಎಂಬ ಹೆಸರಿನ ಹೊಳಪಿಗೆ ಮರುಳಾಗದೆ, ನಮ್ಮ ನೀರಿನಲ್ಲಿರುವುದೇನು, ಈ ವಸ್ತು ಹಿಡಿಯುವುದೇನು, ಎಷ್ಟು ಕಾಲ ಹಿಡಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ನೀರನ್ನು ಪರೀಕ್ಷೆ ಮಾಡಿಸಿ ಕೊಳ್ಳುವುದು ವಿವೇಕ.

ಜಲಜನಕವನ್ನು ನಳಿಕೆ ಸಡಿಲವಾಗಿ ಹಿಡಿಯಿತು, ತೊಟ್ಟಿಯಾಗಲಿಲ್ಲ. ವಿಷಾನಿಲವನ್ನು ಬಿಗಿಯಾಗಿ ಹಿಡಿಯಿತು, ಮೂಗು ಮಂದವಾಯಿತು. ಎರಡೂ ಕಡೆ ಕೊರತೆಯಾದದ್ದು ಶಕ್ತಿಯಲ್ಲಿ ಅಲ್ಲ, ಹದದಲ್ಲಿ. ಈ ಹದವನ್ನು ತಿಳಿಸಿಕೊಟ್ಟದ್ದು ದೊಡ್ಡ ಅಂಕಿಗಳ ಮೊದಲ ವರದಿಗಳಲ್ಲ. ತೇವವನ್ನು ಒರೆಸಿ, ಲೋಹದ ಪುಡಿಯನ್ನು ಬೇರ್ಪಡಿಸಿ, ಮತ್ತೊಮ್ಮೆ ತಕ್ಕಡಿಗೆ ಹಾಕಿದವರ ತಾಳ್ಮೆ. ಅವರ ಫಲಿತಾಂಶ ಚಿಕ್ಕದಾಗಿತ್ತು, ಆದರೆ ನಿಂತಿತು. ಇಂದು ಹೊಸ ಚೌಕಟ್ಟುಗಳನ್ನು ಕಟ್ಟುತ್ತಿರುವವರು ಕಾಲೂರಿರುವುದು ಆ ಚಿಕ್ಕ, ನಿಜವಾದ ಅಂಕಿಗಳ ಮೇಲೆಯೇ.